ಮಗುವಿನ ಬೆರಳೂ ಮಾತಿನ ಮೊದಲೂ



ಮಗುವು ಮಾತನ್ನು ಹೇಗೆ ಕಲಿಯುತ್ತದೆಂದು ಯಾರಾದರೂ ಕೇಳಿದರೆ, ಕಿವಿಯಿಂದ ಕಲಿಯುತ್ತದೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಕಿವಿಯೊಂದೇ ಸಾಕಾಗಿದ್ದಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ನುಡಿಯುತ್ತಿರುವ ಮನೆಯ ಮಗುವು ಊರಿನ ಮಿಕ್ಕ ಮಕ್ಕಳಿಗಿಂತ ಮೊದಲು ಮಾತನಾಡಬೇಕಾಗಿತ್ತು. ಹಾಗಾಗುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಿವಿಗೆ ಬಿದ್ದ ಶಬ್ದಕ್ಕೂ ಕಣ್ಣಿಗೆ ಬಿದ್ದ ವಸ್ತುವಿಗೂ ಗಂಟು ಹಾಕಿಕೊಡುವ ಒಬ್ಬರು ಜೊತೆಗಿರಬೇಕು. ಆ ಗಂಟು ಬೀಳುವುದು ಹೇಗೆ, ಬೀಳದಿದ್ದರೆ ಏನಾಗುತ್ತದೆ, ಅದರಲ್ಲಿ ನಮ್ಮ ಪಾಲೇನು ಎಂಬುದೇ ಈ ದಿನದ ವಿಷಯ.

ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಅದನ್ನು ‘ಸಹಾವಧಾನ’ವೆಂದು ಕರೆಯಬಹುದು. ಅವಧಾನವೆಂಬ ಶಬ್ದ ನಮಗೆ ಹೊಸದಲ್ಲ. ಅಷ್ಟಾವಧಾನದಲ್ಲಿ ಒಂದು ಮನಸ್ಸು ಎಂಟು ವಿಷಯಗಳ ಮೇಲೆ ನಿಲ್ಲುತ್ತದೆ. ಸಹಾವಧಾನದಲ್ಲಿ ಎರಡು ಮನಸ್ಸುಗಳು ಒಂದೇ ವಿಷಯದ ಮೇಲೆ ನಿಲ್ಲುತ್ತವೆ. ಆದರೆ ಇಬ್ಬರು ಒಂದೇ ಕಡೆಗೆ ನೋಡಿದ ಮಾತ್ರಕ್ಕೆ ಅದು ಸಹಾವಧಾನವಾಗುವುದಿಲ್ಲ. ಮಳೆಗಾಲದಲ್ಲಿ ಶಿವಮೊಗ್ಗದ ಸೇತುವೆಯ ಮೇಲೆ ನಿಂತು ತುಂಗೆಯ ಕೆಂಪು ನೀರನ್ನು ಇಬ್ಬರು ಅಪರಿಚಿತರು ತಮ್ಮಷ್ಟಕ್ಕೆ ತಾವು ನೋಡುತ್ತಿರಬಹುದು. ಅವರಲ್ಲಿ ಒಬ್ಬರು ಮತ್ತೊಬ್ಬರ ಮುಖ ನೋಡಿ, “ಎಷ್ಟು ನೀರು, ನೋಡಿದಿರಾ!” ಎಂದೊಡನೆ ಸಂಗತಿ ಬದಲಾಗುತ್ತದೆ. ನಾನು ನೋಡುತ್ತಿರುವುದನ್ನೇ ನೀವೂ ನೋಡುತ್ತಿರುವಿರಿ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಈ ಮೂರೂ ಕೂಡಿದಾಗ ಸಹಾವಧಾನ. ದೊಡ್ಡವರಿಗೆ ಇದು ಉಸಿರಾಟದಷ್ಟು ಸಹಜ. ಮಗುವಾದರೋ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.

ಮೊದಲ ಕೆಲವು ತಿಂಗಳುಗಳಲ್ಲಿ ಕೂಸಿನ ಲೋಕವೆಂದರೆ ಎದುರಿನ ಮುಖ. ತಾಯಿ ನಕ್ಕರೆ ಅದೂ ನಗುವುದು. ಅವಳು ಸದ್ದು ಮಾಡಿದರೆ ಅದೂ ಮಾರ್ದನಿ ಕೊಡುವುದು. ಐದಾರು ತಿಂಗಳಾಗುತ್ತಲೇ ಕೈಗೆ ಸಿಕ್ಕ ಗಿಲಕಿ, ಲೋಟ, ಸೆರಗಿನ ಅಂಚು ಇವುಗಳ ಮೇಲೆ ಅದರ ಆಸೆ ಹರಿಯುತ್ತದೆ. ಆಗ ಅದು ಮುಖವನ್ನು ನೋಡಿದರೆ ವಸ್ತುವನ್ನು ಮರೆಯುತ್ತದೆ, ವಸ್ತುವನ್ನು ಹಿಡಿದರೆ ಮುಖವನ್ನು ಮರೆಯುತ್ತದೆ. ಸುಮಾರು 9ರಿಂದ 12 ತಿಂಗಳೊಳಗೆ ದೊಡ್ಡದೊಂದು ಬದಲಾವಣೆ ಕಾಣುವುದು. ಮಗುವು ಲೋಟವನ್ನು ನೋಡಿ, ತಿರುಗಿ ತಾಯಿಯ ಮುಖವನ್ನು ನೋಡಿ, ಮತ್ತೆ ಲೋಟವನ್ನು ನೋಡುತ್ತದೆ. ಮಗು, ತಾಯಿ, ವಸ್ತು ಎಂಬ ಮೂರು ಮೂಲೆಗಳ ಆಕೃತಿಯೊಂದು ಅಲ್ಲಿ ಮೊದಲ ಬಾರಿಗೆ ಕೂಡಿಕೊಳ್ಳುತ್ತದೆ. 1975ರಲ್ಲಿ ಸ್ಕೈಫ್ ಮತ್ತು ಬ್ರೂನರ್ ಎಂಬ ವಿದ್ವಾಂಸರು 2ರಿಂದ 14 ತಿಂಗಳವರೆಗಿನ ಕೂಸುಗಳ ಎದುರು ಕುಳಿತು, ಮೊದಲು ಕಣ್ಣಿಗೆ ಕಣ್ಣು ಕೂಡಿಸಿ, ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದರು. ವಯಸ್ಸು ಏರಿದಂತೆಲ್ಲ, ಹಿರಿಯರ ನೋಟ ಹೋದ ಕಡೆಗೆ ತಮ್ಮ ನೋಟವನ್ನೂ ತಿರುಗಿಸುವ ಕೂಸುಗಳ ಸಂಖ್ಯೆ ಏರುತ್ತ ಹೋಯಿತು. ಇನ್ನೊಬ್ಬರ ಕಣ್ಣು ಎಲ್ಲಿಗೋ ಹೋಯಿತೆಂದರೆ ಅಲ್ಲಿ ಏನೋ ಇರಬೇಕೆಂಬ ತಿಳಿವಳಿಕೆ ಮಾತಿಗಿಂತ ಮುಂಚೆಯೇ ಮೂಡುತ್ತದೆಂದು ಇದರಿಂದ ತಿಳಿಯುತ್ತದೆ.

ಇದೇ ಕಾಲಕ್ಕೆ ಮಗುವಿನ ತೋರುಬೆರಳು ಮೇಲೇಳುತ್ತದೆ. ಈ ಬೆರಳಿನಲ್ಲಿ ಎರಡು ಬಗೆಯುಂಟು. ಇಟಲಿಯ ಮಕ್ಕಳನ್ನು ಗಮನಿಸಿದ ಎಲಿಜಬೆತ್ ಬೇಟ್ಸ್ ಮತ್ತು ಆಕೆಯ ಸಂಗಡಿಗರು ಅದೇ 1975ರಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಗೂಡಿನಲ್ಲಿರುವ ಬಾಳೆಹಣ್ಣಿನ ಕಡೆಗೆ ಕೈಚಾಚಿ ‘ಊಂ ಊಂ’ ಎನ್ನುವುದು ಬೇಡುವ ಬೆರಳು. ಹಣ್ಣು ಕೈಗೆ ಬಂದೊಡನೆ ಅದರ ಕೆಲಸ ಮುಗಿಯಿತು. ಆದರೆ ಬೇಲಿಯ ಮೇಲೆ ಕುಳಿತ ಗುಬ್ಬಿಯನ್ನು ತೋರಿಸಿ, ತಿರುಗಿ ಅಜ್ಜಿಯ ಮುಖ ನೋಡುವ ಮಗುವಿಗೆ ಆ ಗುಬ್ಬಿ ಬೇಕಾಗಿಲ್ಲ. ಅಜ್ಜಿಯೂ ಅದನ್ನು ನೋಡಬೇಕು, ನೋಡಿ ‘ಹೌದಲ್ಲ!’ ಎನ್ನಬೇಕು, ಅಷ್ಟೇ ಅದಕ್ಕೆ ಬೇಕಾದದ್ದು. ಇದು ತೋರುವ ಬೆರಳು. ಏನನ್ನೂ ಬೇಡದೆ, ತಾನು ಕಂಡದ್ದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಈ ಆಸೆಯಿಂದಲೇ ಮುಂದೆ ಹರಟೆಯೂ ಕಥೆಯೂ ಪತ್ರವೂ ಹುಟ್ಟಿಕೊಳ್ಳುತ್ತವೆ.

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿರುವ ಸಕ್ರೆಬೈಲಿನ ಆನೆಬಿಡಾರವನ್ನು ತಾವು ಅನೇಕರು ನೋಡಿರಬಹುದು. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗಿಳಿಸಿ ಮೈ ತಿಕ್ಕುತ್ತಾರೆ. ದಂಡೆಯಲ್ಲಿ ತಂದೆಯ ಹೆಗಲೇರಿದ ಒಂದೂವರೆ ವರ್ಷದ ಮಗುವೊಂದನ್ನು ನೆನೆದುಕೊಳ್ಳಿ. ತಂದೆ “ಅಗೋ, ಆನೆ!” ಎನ್ನುತ್ತಾನೆ. ಮಗುವಿನ ಮುಂದೆ ಈಗ ಎಷ್ಟು ವಸ್ತುಗಳಿವೆ! ಬಳುಕುವ ಸೊಂಡಿಲು, ಚಿಮ್ಮುವ ನೀರು, ಬೆನ್ನ ಮೇಲಿನ ಮಾವುತ, ಅವನ ಕೈಯ ಕೋಲು, ಆಚೆ ದಂಡೆಯ ಮರ. ‘ಆನೆ’ಯೆಂಬ ಶಬ್ದ ಇವುಗಳಲ್ಲಿ ಯಾವುದಕ್ಕೆ ಸಲ್ಲಬೇಕು? ಶಬ್ದವೊಂದನ್ನೇ ಹಿಡಿದುಕೊಂಡು ಈ ಒಗಟನ್ನು ಬಿಡಿಸಲು ಯಾವ ಪಂಡಿತನಿಂದಲೂ ಸಾಧ್ಯವಿಲ್ಲ. ಮಗುವು ಬಿಡಿಸುತ್ತದೆ. ತಂದೆಯ ಬೆರಳನ್ನೂ ಕಣ್ಣನ್ನೂ ಅನುಸರಿಸಿ, ಅವನ ಗಮನ ಯಾವುದರ ಮೇಲಿದೆಯೆಂಬುದನ್ನು ಹಿಡಿದು, ಶಬ್ದವನ್ನು ಅಲ್ಲಿಗೆ ಕಟ್ಟುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಡೇರ್ ಬಾಲ್ಡ್‌ವಿನ್ 1991ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬಹುದು. ಸುಮಾರು ಒಂದೂವರೆ ವರ್ಷದ ಮಗುವೊಂದು ತನ್ನ ಕೈಯಲ್ಲಿನ ಹೊಸ ಆಟಿಕೆಯನ್ನು ನೋಡುತ್ತಿರುವಾಗ, ಹಿರಿಯರೊಬ್ಬರು ತಮ್ಮ ಬಳಿಯ ಬೇರೊಂದು ಆಟಿಕೆಯನ್ನು ನೋಡುತ್ತ ಹೊಸ ಹೆಸರೊಂದನ್ನು ಉಚ್ಚರಿಸುತ್ತಾರೆ. ಶಬ್ದ ಕೇಳಿದ ಹೊತ್ತಿನಲ್ಲಿ ಮಗುವಿನ ಕಣ್ಣಿನಲ್ಲಿದ್ದದ್ದು ತನ್ನ ಆಟಿಕೆ. ಆದರೂ ಆ ಹೆಸರನ್ನು ಅದು ತನ್ನ ಆಟಿಕೆಗೆ ಅಂಟಿಸಿಕೊಳ್ಳಲಿಲ್ಲ. ತಲೆಯೆತ್ತಿ, ಹೇಳಿದವರು ಯಾವುದನ್ನು ನೋಡುತ್ತಿದ್ದಾರೆಂದು ಪರೀಕ್ಷಿಸಿತು. ಅಂದಮೇಲೆ ಶಬ್ದವೂ ವಸ್ತುವೂ ಒಟ್ಟಿಗೆ ಬಂದರೆ ಸಾಕೆಂಬ ನಿಯಮದಿಂದ ಮಗುವು ಕಲಿಯುತ್ತಿಲ್ಲ. ಹೇಳುವವರ ಮನಸ್ಸಿನಲ್ಲಿ ಏನಿದೆಯೆಂದು ಹುಡುಕಿ ಕಲಿಯುತ್ತಿದೆ.

ಹಾಗಾದರೆ ಹಿರಿಯರಾದ ನಾವು ಮಾಡಬೇಕಾದದ್ದೇನು? 1986ರಲ್ಲಿ ಟೊಮಸೆಲ್ಲೊ ಮತ್ತು ಫ಼ರಾರ್ ಎಂಬವರು ಇದನ್ನೇ ಪರೀಕ್ಷಿಸಿದರು. ಮಗುವು ತಾನಾಗಿ ಒಂದು ವಸ್ತುವನ್ನು ನೋಡುತ್ತಿರುವಾಗ ಅದರ ಹೆಸರನ್ನು ಹೇಳುವುದು ಒಂದು ವಿಧಾನ. ಮಗುವಿನ ಗಮನವನ್ನು ಅಲ್ಲಿಂದ ಕಿತ್ತು ಮತ್ತೊಂದರ ಕಡೆಗೆ ಎಳೆದು, ಅದರ ಹೆಸರನ್ನು ಹೇಳುವುದು ಇನ್ನೊಂದು ವಿಧಾನ. ಮೊದಲನೆಯ ವಿಧಾನದಲ್ಲಿ ಹೇಳಿದ ಶಬ್ದಗಳನ್ನೇ ಮಕ್ಕಳು ಚೆನ್ನಾಗಿ ಕಲಿತವು. ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಕಲಿಸುವುದೆಂದರೆ ಬಹುಮಟ್ಟಿಗೆ ಎಳೆಯುವುದೇ. “ಅದನ್ನು ಬಿಡು, ಇಲ್ಲಿ ನೋಡು, ಇದೇನು ಹೇಳು” ಎಂದು ಚಿತ್ರಪುಸ್ತಕವನ್ನು ಮುಖಕ್ಕೆ ಹಿಡಿಯುತ್ತೇವೆ. ಮಗುವಿನ ಕಣ್ಣು ಗೋಡೆಯ ಮೇಲಿನ ಹಲ್ಲಿಯ ಮೇಲಿರುತ್ತದೆ. ಆ ಕ್ಷಣಕ್ಕೆ ಪುಸ್ತಕದ ಸಿಂಹಕ್ಕಿಂತ ಗೋಡೆಯ ಹಲ್ಲಿಯೇ ಒಳ್ಳೆಯ ಪಾಠ.

ಕನ್ನಡವು ಈ ಕೆಲಸಕ್ಕೆ ಎಷ್ಟು ಒದಗಿಬರುವ ಭಾಷೆಯೆಂಬುದನ್ನು ಗಮನಿಸಬೇಕು. ‘ಅಗೋ’, ‘ಇಗೋ’ ಎಂಬ ನಮ್ಮ ಶಬ್ದಗಳು ನಾಲಗೆಯಿಂದ ಮಾಡುವ ಸನ್ನೆಗಳು. ಅವುಗಳ ಅರ್ಥವೇ ‘ನಾನು ನೋಡುವಲ್ಲಿ ನೋಡು’ ಎಂಬುದು. ಅದು, ಇದು, ಅಲ್ಲಿ, ಇಲ್ಲಿ, ಅಷ್ಟು, ಇಷ್ಟು, ಅಂದು, ಇಂದು: ಹೀಗೆ ಅಕಾರವು ದೂರವನ್ನೂ ಇಕಾರವು ಹತ್ತಿರವನ್ನೂ ಸಾಲುಸಾಲಾಗಿ ಹೇಳುತ್ತವೆ. ಎಕಾರ ಬಂದರೆ ಎಲ್ಲಿ, ಎಷ್ಟು, ಎಂದು ಎಂಬ ಪ್ರಶ್ನೆಗಳು. ಹಳಗನ್ನಡದಲ್ಲಿ ನಡುವಣ ದೂರಕ್ಕೆ ‘ಉದು’, ‘ಉವಂ’ ಎಂಬ ರೂಪಗಳೂ ಇದ್ದವು. ಈ ಶಬ್ದಗಳನ್ನು ನಿಘಂಟಿನಿಂದ ಕಲಿಯಲಾಗದು. ಅಜ್ಜಿಗೆ ‘ಅಲ್ಲಿ’ಯಾದದ್ದು ಮೊಮ್ಮಗನಿಗೆ ‘ಇಲ್ಲಿ’ಯಾಗಬಹುದು. ಹೇಳುವವರು ಎಲ್ಲಿ ನಿಂತಿದ್ದಾರೆ, ಯಾವುದನ್ನು ನೋಡುತ್ತಿದ್ದಾರೆಂದು ತಿಳಿದ ಹೊರತು ಅವುಗಳಿಗೆ ಅರ್ಥವಿಲ್ಲ. ಚಂದ್ರನನ್ನು ತೋರಿಸಿ ತುತ್ತು ಉಣಿಸುವುದು, ಕೈ ಹಿಡಿದು ತಾರಮ್ಮಯ್ಯ ಆಡಿಸುವುದು, ಹಸುವನ್ನು ತೋರಿಸಿ ‘ಅಂಬಾ’ ಎನ್ನುವುದು ಇವೆಲ್ಲವೂ ನಮ್ಮ ಮನೆಗಳಲ್ಲಿ ಶಾಸ್ತ್ರದ ಹೆಸರಿಲ್ಲದೆ ನಡೆದುಬಂದ ಸಹಾವಧಾನದ ಪಾಠಗಳೇ.

ಮಾತಿನಷ್ಟೇ ಮುಖ್ಯವಾದ ಇನ್ನೊಂದು ಲಾಭವುಂಟು. ಎದುರಿಗೆ ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನೂ ಮಗುವು ನಮ್ಮ ಮುಖದಿಂದಲೇ ಓದಿಕೊಳ್ಳುತ್ತದೆ. ಜಾತ್ರೆಯಲ್ಲಿ ಡೊಳ್ಳು ಮೊಳಗಿದಾಗ ಮಗುವು ಮೊದಲು ನೋಡುವುದು ಡೊಳ್ಳನ್ನಲ್ಲ, ತಾಯಿಯನ್ನು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗಾಜಿನ ಹಾಸಿನ ಕೆಳಗೆ ಸಣ್ಣ ಹಳ್ಳವಿರುವಂತೆ ತೋರುವ ಮೇಜಿನ ಮೇಲೆ 12 ತಿಂಗಳ ಮಕ್ಕಳನ್ನು ಬಿಟ್ಟು, ಆಚೆ ತುದಿಯಲ್ಲಿ ತಾಯಂದಿರನ್ನು ನಿಲ್ಲಿಸಿದರು. ತಾಯಿ ಸಂತೋಷದ ಮುಖ ತೋರಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ಭಯದ ಮುಖ ತೋರಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಯಾರೂ ಒಂದು ಮಾತನ್ನೂ ಆಡಿರಲಿಲ್ಲ. ಇನ್ನೊಬ್ಬರಿಗೂ ಒಂದು ಮನಸ್ಸಿದೆ, ಅದರಲ್ಲಿ ಭಯವೂ ಹರ್ಷವೂ ಇವೆ, ಅದನ್ನು ತಿಳಿದು ನಡೆಯಬೇಕು ಎಂಬ ಸಾಮಾಜಿಕ ಬಾಳಿನ ಮೊದಲ ಪಾಠ ಇದೇ ಅಲ್ಲವೆ?

ಇಷ್ಟು ಕೇಳಿದ ಮೇಲೆ, ಇದಕ್ಕೆಲ್ಲ ಬಿಡುವುಳ್ಳ ತಾಯಿ, ಆಟಿಕೆಗಳು ತುಂಬಿದ ಕೋಣೆ ಬೇಕೆಂದು ಯಾರಾದರೂ ಭಾವಿಸಿದರೆ ತಪ್ಪಾಗುತ್ತದೆ. ಬಾರ್ಬರಾ ರೊಗೋಫ಼್ ಮತ್ತು ಸಂಗಡಿಗರು 1993ರಲ್ಲಿ ನಾಲ್ಕು ದೇಶಗಳ ಮಕ್ಕಳನ್ನು ಹೋಲಿಸಿ ನೋಡಿದರು. ಭಾರತದ ಒಂದು ಹಳ್ಳಿಯೂ ಅವುಗಳಲ್ಲಿ ಒಂದು. ಅಮೆರಿಕದ ನಗರದ ಮಕ್ಕಳು ಒಂದು ಹೊತ್ತಿಗೆ ಒಂದರ ಮೇಲೆ ಗಮನವಿಟ್ಟರೆ, ಹಿರಿಯರ ಕೆಲಸದ ನಡುವೆಯೇ ಬೆಳೆದ ಹಳ್ಳಿಯ ಮಕ್ಕಳು ನಡೆಯುತ್ತಿದ್ದ ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ಗಮನಿಸಬಲ್ಲವರಾಗಿದ್ದರು. ಮಲೆನಾಡಿನ ಅಡಕೆ ಸುಲಿಯುವ ಕಾಲವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಸುಲಿಯುತ್ತಿದ್ದರೆ, ಮಕ್ಕಳು ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕುಳಿತು ಕೈಗಳನ್ನೂ ನೋಡುತ್ತಾರೆ, ಕಥೆಯನ್ನೂ ಕೇಳುತ್ತಾರೆ. ಕೆಲಸವೇ ಅಲ್ಲಿ ಎಲ್ಲರ ಕಣ್ಣು ಕೂಡುವ ಸ್ಥಳ. ಅವರೆಕಾಯಿ ಸುಲಿಯುವಾಗಲೂ ಹೂ ಕಟ್ಟುವಾಗಲೂ ಹೀಗೆಯೇ. ಮಗುವನ್ನು ಹತ್ತಿರ ಕೂರಿಸಿಕೊಂಡು, ಅದರ ಕೈಗೆ ಒಂದು ಕಾಯಿ ಕೊಟ್ಟು, ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತ ಹೋದರೆ ಸಾಕು. ಬೇರೆ ಪಾಠ ಬೇಕಿಲ್ಲ.

ಇನ್ನು ಭದ್ರಾವತಿಯ ಮಾತು. 1923ರಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದ ಮೇಲೆ, 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾದ ಮೇಲೆ, ಆ ಊರಿಗೆ ನಾನಾ ಕಡೆಗಳಿಂದ ಕೆಲಸಗಾರರು ಬಂದು ನೆಲೆಸಿದರು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಲಂಬಾಣಿಗಳು ಕೇಳಿಬರುವ ಊರು ಅದು. ಪಾಳಿಯ ಕೆಲಸವೂ ಕ್ವಾರ್ಟರ್ಸಿನ ಚಿಕ್ಕ ಸಂಸಾರವೂ ಅಲ್ಲಿಯ ಬಾಳಿಗೆ ಅಚ್ಚು ಹಾಕಿದವು. ಇಂಥ ಊರುಗಳ ತಾಯಿತಂದೆಯರು ಕೇಳುವ ಪ್ರಶ್ನೆಯೊಂದುಂಟು: ಮನೆಯಲ್ಲೊಂದು, ನೆರೆಯಲ್ಲೊಂದು, ಬೀದಿಯಲ್ಲೊಂದು ಭಾಷೆಯಾದರೆ ಮಗುವಿನ ಮಾತು ತಡವಾಗದೆ? ಇದಕ್ಕೆ ಶಾಸ್ತ್ರದ ಉತ್ತರ ಸಮಾಧಾನಕರವಾಗಿದೆ. ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವುದು ಮಾತಿನ ದೋಷಕ್ಕೆ ಕಾರಣವಲ್ಲ. ಅಜ್ಜಿಯ ತಮಿಳನ್ನೂ ಪಕ್ಕದ ಮನೆಯವರ ಕನ್ನಡವನ್ನೂ ಮಗುವು ಬೆರೆಸುವುದುಂಟು, ಬೇರ್ಪಡಿಸುವುದೂ ಉಂಟು. ಯಾರೊಡನೆ ಯಾವುದನ್ನು ನೋಡುತ್ತ ಆ ಮಾತು ಬಂತೆಂಬುದು ಅದಕ್ಕೆ ದಾರಿ ತೋರಿಸುತ್ತದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಶಿವಮೊಗ್ಗದ ಬಡಾವಣೆಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ “ಪುಟ್ಟಾ, ಕೌ ನೋಡು, ಡಾಗ್ ನೋಡು” ಎಂಬುದು. ಮುಂದೆ ಶಾಲೆಗೆ ಅನುಕೂಲವಾಗಲೆಂಬ ಸದುದ್ದೇಶ ಅದರ ಹಿಂದಿದೆ. ಅದನ್ನು ನಾನು ಹಾಸ್ಯ ಮಾಡುವವನಲ್ಲ. ಇಂಗ್ಲಿಷಿನ ಹೆಸರು ಕೇಳಿದ ಮಾತ್ರಕ್ಕೆ ಮಗುವಿಗೆ ಕೇಡಿಲ್ಲ. ಆದರೆ ಹೆಸರು ಹೇಳಿದ ಮೇಲೆ ಮುಂದೇನು? ಕನ್ನಡದಲ್ಲಾಗಿದ್ದರೆ ಆ ತಾಯಿ, “ಹಸು ನೋಡು, ಮೆಲುಕು ಹಾಕ್ತಾ ಇದೆ, ಬಾಲ ಬೀಸಿ ನೊಣ ಓಡಿಸ್ತು, ಅದರ ಕರು ಎಲ್ಲಿ ಹೋಯ್ತು?” ಎಂದು ನಿರಾಯಾಸವಾಗಿ ಹತ್ತು ಮಾತು ಸೇರಿಸುತ್ತಿದ್ದಳು. ತನಗೆ ಸರಾಗವಲ್ಲದ ಭಾಷೆಯಲ್ಲಿ ಆಕೆಯ ಮಾತು ‘ಕೌ’ ಎಂಬಲ್ಲಿಗೆ ನಿಂತುಹೋಗುತ್ತದೆ. ಇಬ್ಬರ ಗಮನವೂ ಹಸುವಿನ ಮೇಲೆ ನಿಂತ ಆ ಅಮೂಲ್ಯವಾದ ಗಳಿಗೆ ಒಂದೇ ಶಬ್ದಕ್ಕೆ ಮುಗಿದುಹೋಗುತ್ತದೆ. ತಾಯಿಗೆ ಯಾವ ಭಾಷೆಯಲ್ಲಿ ಹರಟೆ ಬರುತ್ತದೆಯೋ, ಕೋಪ ಬರುತ್ತದೆಯೋ, ನಗು ಬರುತ್ತದೆಯೋ ಅದೇ ಭಾಷೆಯಲ್ಲಿ ಮಗುವಿನೊಡನೆ ಮಾತನಾಡಲಿ. ಅದು ಕನ್ನಡವಾಗಲಿ, ಉರ್ದುವಾಗಲಿ, ಲಂಬಾಣಿಯಾಗಲಿ, ಮತ್ತೂರಿನ ಮನೆಗಳ ಸಂಕೇತಿಯಾಗಲಿ.

ಎರಡನೆಯ ವಿಘ್ನ ನಮ್ಮ ಅಂಗೈಯಲ್ಲೇ ಇದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಾಯಂದಿರು ತಮ್ಮ 2 ವರ್ಷದ ಮಕ್ಕಳಿಗೆ ಎರಡು ಹೊಸ ಶಬ್ದಗಳನ್ನು ಕಲಿಸಬೇಕಾಗಿತ್ತು. ಒಂದನ್ನು ಕಲಿಸುವಾಗ ಮಾತ್ರ ನಡುವೆ ಫೋನು ಕರೆಯಿತು. ಎರಡು ಶಬ್ದಗಳನ್ನೂ ಮಕ್ಕಳು ಸರಿಸಮನಾಗಿ ಕೇಳಿದ್ದರೂ, ಅಡ್ಡಿಯಿಲ್ಲದೆ ಕಲಿಸಿದ್ದನ್ನು ಕಲಿತವು. ಫೋನು ನಡುವೆ ಬಂದದ್ದನ್ನು ಕಲಿಯಲಿಲ್ಲ. ಮಗುವು ಬೆರಳೆತ್ತಿ ತಿರುಗಿ ನೋಡಿದಾಗ ನಮ್ಮ ಮುಖ ಕೆಳಗೆ ಬಾಗಿರುತ್ತದೆ. ಒಂದೆರಡು ಸಲವಾದರೆ ಬಾಧಕವಿಲ್ಲ. ದಿನವೂ ಹೀಗಾದರೆ ಮಗುವಿಗೆ ತೋರಿಸುವ ಹುರುಪೇ ಇಳಿದುಹೋಗಬಹುದು. ಊಟಕ್ಕೆ ಹಟ ಮಾಡುವ ಮಗುವಿನ ಮುಂದೆ ಫೋನನ್ನೇ ನಿಲ್ಲಿಸುವುದೂ ರೂಢಿಯಾಗಿದೆ. ಚಂದ್ರನನ್ನು ತೋರಿಸುವಾಗ ಇಬ್ಬರೂ ನೋಡುತ್ತಿದ್ದರು. ಪರದೆಯನ್ನಾದರೋ ಮಗುವೊಂದೇ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, 2 ವರ್ಷ ತುಂಬದ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದೆಂದೂ ಹೇಳಿದೆ.

ಕೆಲವು ಮಕ್ಕಳು ಎಷ್ಟು ಮಾತನಾಡಿಸಿದರೂ ತೋರಿಸುವುದಿಲ್ಲ, ತೋರಿಸಿದ್ದನ್ನು ನೋಡುವುದಿಲ್ಲ. ಇವರ ವಿಷಯವನ್ನು ಎಚ್ಚರಿಕೆಯಿಂದ ಹೇಳಬೇಕು. ಮೊದಲು ಕಿವಿಯನ್ನು ಪರೀಕ್ಷಿಸಿಸಬೇಕು. ಕೇಳಿಸದ ಮಗುವನ್ನು ಮೊಂಡುಮಗುವೆಂದು ಬಗೆದು ವರ್ಷಗಳನ್ನು ಕಳೆದುಬಿಡುವುದುಂಟು. ಕಿವಿ ಚೆನ್ನಾಗಿದ್ದೂ 18 ತಿಂಗಳಿನ ಹೊತ್ತಿಗೆ ತೋರುವ ಬೆರಳು ಏಳದಿದ್ದರೆ, ಹಿರಿಯರ ನೋಟವನ್ನು ಅನುಸರಿಸದಿದ್ದರೆ, ಆಟಿಕೆಯ ಲೋಟದಿಂದ ಸುಳ್ಳುಸುಳ್ಳೇ ಕುಡಿಯುವಂಥ ನಟನೆಯ ಆಟವಾಡದಿದ್ದರೆ, ಆಟಿಸಂ ಇರಬಹುದೇ ಎಂದು ತಜ್ಞರು ಪರೀಕ್ಷಿಸುತ್ತಾರೆ. ಈ ಮೂರು ಗುರುತುಗಳನ್ನು ಒಟ್ಟುಗೂಡಿಸಿ ನೋಡುವ ಕ್ರಮ 1992ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ತಾಯಿ ಪ್ರೀತಿ ಕೊಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹಿಂದೊಮ್ಮೆ ದೊಡ್ಡ ವೈದ್ಯರೇ ಬರೆದಿದ್ದರು. ಆ ಮತ ಪೂರ್ಣವಾಗಿ ತಪ್ಪೆಂದು ಸಿದ್ಧವಾಗಿದೆ. ಇಂಥ ಮನೆಯ ತಾಯಿಗೆ ನೆರೆಹೊರೆಯವರು ಆರೋಪದ ಮಾತನ್ನು ಹೇಳದಿರುವುದೇ ಮೊದಲ ಉಪಕಾರ. ಎರಡನೆಯದು, ಕಾಲ ಕಳೆಯದೆ ದಾರಿ ತೋರಿಸುವುದು. ಸಹಾವಧಾನವನ್ನು ಆಟದ ಮೂಲಕ ಕಲಿಸಬಹುದೆಂದೂ, ಅದರಿಂದ ಮುಂದೆ ಮಾತಿಗೆ ಸಹಾಯವಾಗುತ್ತದೆಂದೂ ಕೋನಿ ಕಸಾರಿ ಮತ್ತು ಸಂಗಡಿಗರ 2006ರ ಮತ್ತು ಆಮೇಲಿನ ಅಧ್ಯಯನಗಳು ತೋರಿಸಿವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಮಕ್ಕಳಿಗಾಗಿಯೇ ದುಡಿಯುತ್ತಿದೆ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ಬಂದ ದಿನ ತಾಯಂದಿರು ನಾಚಿಕೆಯಿಲ್ಲದೆ ಕೇಳಬೇಕು.

ಕೇಳಿಸದ ಮಕ್ಕಳಿಗೂ ಕಾಣದ ಮಕ್ಕಳಿಗೂ ಸಹಾವಧಾನ ಮುಚ್ಚಿದ ಬಾಗಿಲಲ್ಲ. ಕೈಸನ್ನೆಯ ಭಾಷೆಯನ್ನು ಬಲ್ಲ ಕಿವುಡ ತಾಯಂದಿರು, ಮಗುವು ವಸ್ತುವನ್ನು ನೋಡಿ ಮುಗಿಸಿ ತಮ್ಮ ಕಡೆ ತಿರುಗುವವರೆಗೆ ಕಾದು, ಆಮೇಲೆ ಸನ್ನೆ ಮಾಡುತ್ತಾರೆ. ಈ ಕಾಯುವಿಕೆಯನ್ನು ಕೇಳಬಲ್ಲ ಮಕ್ಕಳ ತಂದೆತಾಯಿಗಳೂ ಕಲಿಯಬಹುದು. ಕಣ್ಣು ಕಾಣದ ಮಗುವಿನ ಪಾಲಿಗೆ ಜೊತೆಗೂಡಿ ಮುಟ್ಟುವುದೂ ಜೊತೆಗೂಡಿ ಆಲಿಸುವುದೂ ಜೊತೆಗೂಡಿ ನೋಡುವುದರ ಸ್ಥಾನದಲ್ಲಿ ನಿಲ್ಲುತ್ತವೆ.

ಅಂಗನವಾಡಿಯ ಪ್ರಸ್ತಾಪ ಬಂದದ್ದರಿಂದ ವಿದ್ಯಾವಂತರಲ್ಲಿ ಒಂದು ವಿಜ್ಞಾಪನೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರವನ್ನು. ಅಂದಿನಿಂದ ಮಕ್ಕಳ ತೂಕ, ಆಹಾರ, ಚುಚ್ಚುಮದ್ದುಗಳ ಲೆಕ್ಕವನ್ನು ಶ್ರದ್ಧೆಯಿಂದ ಇಡಲಾಗುತ್ತಿದೆ. ಹೊಟ್ಟೆಗೆ ಕೊಟ್ಟ ಗಮನ ಮಾತಿಗೂ ಸಲ್ಲಬೇಕು. ಒಬ್ಬ ಕಾರ್ಯಕರ್ತೆ ಕೋಣೆತುಂಬ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪದ್ಯ ಹೇಳಿಸಬಲ್ಲಳು. ಆದರೆ ಪ್ರತಿಯೊಬ್ಬರ ಬೆರಳು ಹೋದ ಕಡೆಗೂ ನೋಡಲು ಆಕೆಗೆ ಎಷ್ಟು ಕಣ್ಣುಗಳಿವೆ? ಊರಿನ ಬಿಡುವುಳ್ಳ ಹಿರಿಯರು ವಾರಕ್ಕೊಂದು ದಿನ ಹೋಗಿ, ನಾಲ್ಕೈದು ಮಕ್ಕಳೊಡನೆ ನೆಲದ ಮೇಲೆ ಕುಳಿತು, ಅವರು ತೋರಿಸಿದ್ದನ್ನು ನೋಡಿ ಮಾತನಾಡಿದರೆ, ಅದು ಒಂದು ಚಿತ್ರಪುಸ್ತಕದ ದಾನಕ್ಕಿಂತ ಕಡಮೆಯ ಸೇವೆಯಲ್ಲ.

ಕೊನೆಯದಾಗಿ, ಈ ಪೆಟ್ಟಿಗೆಯ ಮೂಲಕ ಮಾತನಾಡುವವನು ತನ್ನ ಮಿತಿಯನ್ನೂ ಹೇಳಬೇಕು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರು. 1965ರಿಂದ ಭದ್ರಾವತಿಗೂ ತನ್ನದೇ ಕೇಂದ್ರವಿದೆ. ಬಾನುಲಿಯಿಂದ ದೊಡ್ಡವರಿಗೆ ಆದ ಉಪಕಾರ ಅಪಾರ. ಕೂಸಿಗೆ ಮಾತ್ರ ಅದು ಗುರುವಾಗಲಾರದು. ಪೆಟ್ರೀಷಿಯ ಕೂಲ್ ಎಂಬಾಕೆಯೂ ಸಂಗಡಿಗರೂ 2003ರಲ್ಲಿ ಅಮೆರಿಕದ 9 ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಟವಾಡಿಸಿದವರಿಂದ ಆ ಭಾಷೆಯ ಧ್ವನಿಭೇದಗಳನ್ನು ಕೂಸುಗಳು ಕಲಿತವು. ಅದೇ ಮಾತುಗಳನ್ನು ಪರದೆಯಿಂದಲೋ ಧ್ವನಿಯಂತ್ರದಿಂದಲೋ ಅಷ್ಟೇ ಹೊತ್ತು ಕೇಳಿಸಿದಾಗ ಏನನ್ನೂ ಕಲಿಯಲಿಲ್ಲ. ಯಂತ್ರವು ಮಗುವಿನ ಬೆರಳು ಹೋದ ಕಡೆ ನೋಡಲಾರದಷ್ಟೆ.

ಆದಕಾರಣ ಈ ಭಾಷಣ ನಿಮಗೆ. ಮಗುವಿನ ಪಾಲಿಗೆ ನೀವೇ. ದಿನದಲ್ಲಿ ಹದಿನೈದು ನಿಮಿಷವಾದರೂ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮಗುವಿನ ಎತ್ತರಕ್ಕೆ ಕುಳಿತುಕೊಳ್ಳಿ. ಅದು ನೋಡುವುದನ್ನು ನೋಡಿ, ಅದರ ಹೆಸರು ಹೇಳಿ, ಅದರ ಮೇಲೆ ಇನ್ನೆರಡು ಮಾತು ಸೇರಿಸಿ, ಆಮೇಲೆ ಸುಮ್ಮನೆ ಕಾಯಿರಿ. ಬಹುಶಃ ಅದು ಇನ್ನೊಂದನ್ನು ತೋರಿಸುತ್ತದೆ. ಅದನ್ನೂ ನೋಡಿರಿ.